ಸರ್ಪಸುತ್ತಿನ ಉರಿಗೆ ನರದ ಇಂಜೆಕ್ಷನ್

ಪ್ರಶ್ನೆ: ಅಮ್ಮನಿಗೆ ಸರ್ಪಸುತ್ತು ಒಣಗಿ ತಿಂಗಳುಗಳಾದರೂ ಪಕ್ಕೆಯ ಉರಿ ಹೋಗಿಲ್ಲ. ನರಕ್ಕೆ ಇಂಜೆಕ್ಷನ್ ಕೊಡಿಸಬಹುದೇ?
– ಓದುಗರು, ಬಿದರೆಹಳ್ಳಿ ಕಾವಲ್

ಕೊಡಿಸಬಹುದು, ಆದರೆ ಮಾತ್ರೆಗಳನ್ನು ಸರಿಯಾಗಿ ನುಂಗಿ ನೋಡಿದ ಮೇಲೆ: ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್. ಗುಳ್ಳೆ ಮಾಗಿದರೂ ವೈರಸ್ಸು ಕೆಡಿಸಿದ ನರ ಸುಮ್ಮನಿರುವುದಿಲ್ಲ. ಸೆರಗು ಸೋಕಿದರೂ ಉರಿಯುತ್ತದೆ. ಸರ್ಪಸುತ್ತಿಗೆಂದು ಮೇಲೆ ಬಳಿಯುವ ಕೆಮ್ಮಣ್ಣು ಆ ನರಕ್ಕೆ ತಲುಪದು. ಇಂಜೆಕ್ಷನ್ ಕೊಡುವಾಗ ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಪಕ್ಕೆಲುಬಿನ ಕೆಳಅಂಚಿನ ನರದ ಬಳಿ ಲಿಗ್ನೋಕೇನ್ ಇಲ್ಲವೇ ಬುಪಿವಕೇನ್, ಕೆಲವೊಮ್ಮೆ ಜೊತೆಗೆ ಸ್ಟಿರಾಯ್ಡ್ ಬಿಡುತ್ತಾರೆ. ಮರಗಟ್ಟುವುದು ಕೆಲವೇ ಗಂಟೆ. ನೋವು ಕೆಲವರಿಗೆ ವಾರಗಟ್ಟಲೆ ತಗ್ಗುತ್ತದೆ, ಕೆಲವರಿಗೆ ತಗ್ಗುವುದೇ ಇಲ್ಲ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ. ಶುಗರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಅಪರೂಪಕ್ಕೆ ಸೂಜಿ ಶ್ವಾಸಕೋಶಕ್ಕೆ ತಾಗಬಹುದು. ಮನೆಗೆ ಬಂದ ಮೇಲೆ ಅಮ್ಮನಿಗೆ ಉಸಿರು ಕಟ್ಟಿದಂತಾದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.