ವೈದ್ಯರ ಬಳಿ ನಿಲ್ಲುವ ವಿದ್ಯೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ಬೇಲೂರಿನ ನಮ್ಮ ಚಿಕಿತ್ಸಾಲಯಕ್ಕೆ ರೋಗಿಗಳೊಂದಿಗೆ ವಿದ್ಯಾರ್ಥಿಗಳ ತಂದೆತಾಯಂದಿರೂ ಬರುತ್ತಾರೆ. ನಾಡಿ ತೋರಿಸಿ, ಚೂರ್ಣದ ಪೊಟ್ಟಣ ಕೈಗೆತ್ತಿಕೊಂಡು, ಏಳುವ ಮುನ್ನ ಅವರದೊಂದು ಪ್ರಶ್ನೆ: "ಮಗಳಿಗೆ ನೀಟ್‌ನಲ್ಲಿ ಸೀಟು ದೊರೆಯಲಿಲ್ಲ. ಆಸ್ಪತ್ರೆಯ ಕೆಲಸವೇ ಬೇಕೆನ್ನುತ್ತಾಳೆ. ಏನು ಓದಿಸೋಣ?" ನರ್ಸಿಂಗ್, ಫಾರ್ಮಸಿ, ಲ್ಯಾಬ್ ಶಿಕ್ಷಣಗಳನ್ನು ಅವರು ಬಲ್ಲರು. ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯ ಸಹಾಯಕರ ಶಿಕ್ಷಣದ ಹೆಸರನ್ನು ಕೇಳಿದವರು ವಿರಳ.

ಹೆಸರು ಹೊಸದಾದರೂ ಕಲ್ಪನೆ ನಮಗೆ ಅಪರಿಚಿತವಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಇರಬೇಕೆಂದು ವಿಧಿಸುತ್ತದೆ. ಆಧುನಿಕ ರೂಪದ ಶಿಕ್ಷಣ ಆರಂಭವಾದದ್ದು 1965ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿ ಮರಳಿದ್ದ ನಾಲ್ವರನ್ನು ಡಾ. ಯೂಜೀನ್ ಸ್ಟೆಡ್ ಅವರು ಮೊದಲ ವಿದ್ಯಾರ್ಥಿಗಳನ್ನಾಗಿ ಸೇರಿಸಿಕೊಂಡರು. ನಮ್ಮ ದೇಶದಲ್ಲಿ 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರು ಇದಕ್ಕೆ ನಾಂದಿ ಹಾಡಿದರು.

ಈ ಸಹಾಯಕರಿಂದ ಆಗುವ ಕೆಲಸವೇನು? ನಮ್ಮದೇ ಒಂದು ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಾಫಿ ತೋಟದ ಕಾರ್ಮಿಕರೊಬ್ಬರು ಮಲಬದ್ಧತೆಯೆಂದು ಬಂದರು. ಔಷಧಿ ಕೊಟ್ಟು ಕಳುಹಿಸಿದೆವು. ಎರಡು ವಾರದ ನಂತರ ಪುನಃ ಬಂದಾಗ, ಹಿಂದೆ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಸೇರಿದ್ದಿರಾ ಎಂದು ಕೇಳಿದೆವು. ನಾಲ್ಕಾಗಿ ಮಡಚಿದ ಇಂಗ್ಲಿಷ್ ಕಾಗದವೊಂದು ಅಂಗಿಯ ಜೇಬಿನಿಂದ ಹೊರಬಂತು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಗಳು ತಿಂಗಳಿಗೆ ಮುಗಿದಿದ್ದವು. ಚಿಕಿತ್ಸೆಯೂ ಮುಗಿಯಿತೆಂದು ಅವರು ಭಾವಿಸಿದ್ದರು. ಅಂದೇ ಮಧ್ಯಾಹ್ನ ಅವರ ಮಗನನ್ನು ಕರೆಸಿ ಹಾಸನಕ್ಕೆ ಕಳುಹಿಸಿದೆವು. ಅನರ್ಥವೇನೂ ಆಗಲಿಲ್ಲ. ಆದರೆ ಮೊದಲ ಭೇಟಿಯಲ್ಲಿಯೇ ಆ ಕಾಗದವನ್ನು ಕೇಳದಿದ್ದ ತಪ್ಪು ನಮ್ಮದು. ಮನೆಗೆ ಹೊರಟ ದಿನ ಅವರ ಪಕ್ಕದಲ್ಲಿ ಕುಳಿತು, ಈ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ಬಿಡಬಾರದು ಎಂದು ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ.

ವೈದ್ಯ ಸಹಾಯಕರ ನಿತ್ಯದ ಕೆಲಸ ಬಹುಪಾಲು ಇಂಥದೇ. ರೋಗಿಯ ಪೂರ್ವವೃತ್ತಾಂತವನ್ನು ಕೇಳಿ ಬರೆಯುವುದು, ದೇಹಪರೀಕ್ಷೆ ಮಾಡುವುದು, ತಪಾಸಣಾ ವರದಿಗಳನ್ನು ಜೋಡಿಸಿ ವೈದ್ಯರ ಮುಂದಿಡುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದು, ಬಿಡುಗಡೆಯ ಪತ್ರ ಸಿದ್ಧಪಡಿಸಿ ಮನೆಯವರಿಗೆ ವಿವರಿಸುವುದು. ಎಲ್ಲವೂ ವೈದ್ಯರ ಮೇಲ್ವಿಚಾರಣೆಯಲ್ಲಿ. ಈ ಪದವಿಯಿಂದ ಸ್ವತಂತ್ರವಾಗಿ ಚಿಕಿತ್ಸಾಲಯ ತೆರೆಯಲು ಬಾರದು, ಹೆಸರಿನ ಹಿಂದೆ 'ಡಾಕ್ಟರ್' ಎಂದು ಬರೆದುಕೊಳ್ಳಲೂ ಬಾರದು. ಊರಿಗೆ ಮರಳಿ ಬೋರ್ಡು ಹಾಕುವ ಆಸೆಯುಳ್ಳವರು ಇತ್ತ ಬರದಿರುವುದೇ ಲೇಸು.

ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಾವು ಕಂಡಂತೆ ಪದವಿಯ ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ; ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಈ ಶಿಕ್ಷಣವಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ 'ಫಿಸಿಷಿಯನ್ ಅಸೋಸಿಯೇಟ್' ಎಂಬ ಹೆಸರಿನಿಂದ ಈ ವೃತ್ತಿ ಸೇರಿದೆ. ಪಠ್ಯಕ್ರಮ, ನೋಂದಣಿಗಳು ಇನ್ನು ಮುಂದೆ ಆ ಆಯೋಗದ ಅಧೀನ. ಆದುದರಿಂದ ಸೇರುವ ವರ್ಷದ ನಿಯಮವನ್ನೇ ನೋಡಬೇಕು. ಅಣ್ಣನ ಕಾಲದ ನಿಯಮ ತಂಗಿಗೆ ಅನ್ವಯವಾಗದೇ ಇರಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿ ನೋಡಿ, ಆರು ತಿಂಗಳಲ್ಲಿ 'ಡಾಕ್ಟರ್ ಅಸಿಸ್ಟೆಂಟ್' ಪ್ರಮಾಣಪತ್ರವೆಂದು ನಂಬಿ, ಶುಂಠಿ ಬೆಳೆಯ ಹಣವನ್ನೆಲ್ಲ ಕಟ್ಟಿದ ಕುಟುಂಬವೊಂದನ್ನು ನಾವು ಬಲ್ಲೆವು. ಹುಡುಗನ ಕೈಗೆ ಬಂದ ಪತ್ರವನ್ನು ಯಾವ ಆಸ್ಪತ್ರೆಯೂ ಮಾನ್ಯಮಾಡಲಿಲ್ಲ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆ ಎಲ್ಲಿದೆ, ಅಲ್ಲಿ ಎಷ್ಟು ಹಾಸಿಗೆಗಳಿವೆ? ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿರಿ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮೊದಲ ವರ್ಷದ ಅಂಗರಚನಾಶಾಸ್ತ್ರ ಕಬ್ಬಿಣದ ಕಡಲೆ. ಬಿ.ಎ.ಎಂ.ಎಸ್. ಓದುವಾಗ ನಮಗೂ ಹಾಗೆಯೇ ಇತ್ತು. ದಿನಕ್ಕೆ ಹತ್ತು ಪದ ಬರೆದು, ಎದುರಿಗೆ ಕನ್ನಡದ ಅರ್ಥ ಬರೆದುಕೊಳ್ಳುತ್ತಿದ್ದೆವು. ಹಳೇಬೀಡಿನ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಅದೇ ಉಪಾಯ ಹೇಳಿದ್ದೆವು. ಈಗ ಎರಡನೆಯ ವರ್ಷದಲ್ಲಿರುವ ಆಕೆ ರಜೆಗೆ ಬಂದಾಗ ನಮ್ಮಲ್ಲಿ ಬೆಳಗಿನ ಹೊತ್ತು ಕುಳಿತುಕೊಳ್ಳುತ್ತಾಳೆ. ರೋಗಿ ಒಳಗೆ ಕಾಲಿಟ್ಟೊಡನೆ ಆಕೆ ಕೇಳುವ ಮೊದಲ ಮಾತು, "ಹಳೆಯ ಕಾಗದ ತಂದಿದ್ದೀರಾ ಅಜ್ಜಾ?"