ದೀಪಕ್ಕೆ ಫಿಲ್ಮು, ವಿಮೆಗೊಂದು ಕಾಗದ

ಮಕ್ಕಳೇ, ಸಂಜೆ ಹೊತ್ತು ಪಾಂಡಿ ಬಜಾರಿನಲ್ಲಿ ನಿಂತು ಕಾರುಗಳನ್ನು ನೋಡಿ. ಕೆಲವಕ್ಕೆ ಹಿಂದಿನ ದೀಪದ ಮೇಲೆ ಹೊಗೆಬಣ್ಣದ ಫಿಲ್ಮು, ಕೆಲವಕ್ಕೆ ಮುಂದೀಪದ ಮೇಲೆ ಹಳದಿ. "ಬರೀ ಅಲಂಕಾರ ತಾನೇ ಆಂಟಿ?" ಎನ್ನುತ್ತೀರಿ. ನವೆಂಬರ್ ಮಳೆಯಲ್ಲಿ ಉಸ್ಮಾನ್ ರಸ್ತೆಯಲ್ಲಿ ನೀವು ಬ್ರೇಕ್ ಒತ್ತಿದಾಗ, ಹಿಂದೆ ಬರುವ ಬಸ್ಸಿನವನಿಗೆ ಆ ಕೆಂಪು ಕಾಣಬೇಡವೇ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಯಾವ ದೀಪ ಯಾವ ಬಣ್ಣ ಎಂಬುದಕ್ಕೇ ಕಟ್ಟಳೆಯುಂಟು.

ಇನ್ನು ವಿಮೆ. ಅದು ನಿಂತಿರುವುದೇ ಪರಸ್ಪರ ವಿಶ್ವಾಸದ ಮೇಲೆ. ಗೀರು ತಡೆಯುವ ಪಾರದರ್ಶಕ ಫಿಲ್ಮಾದರೂ ಸರಿ, ಹಚ್ಚಿಸುವ ಮೊದಲೇ ಪಾಲಿಸಿ ನಂಬರು, ಫೋಟೋ ಸಹಿತ ಕಂಪನಿಗೆ ಬರೆಯಿರಿ. ಉತ್ತರವನ್ನೂ ಬರಹದಲ್ಲೇ ಕೇಳಿ. ಏಜೆಂಟರು ಫೋನಿನಲ್ಲಿ ಹೇಳುವ "ಪರವಾಗಿಲ್ಲ" ಅಪಘಾತದ ದಿನ ಉಪಯೋಗಕ್ಕೆ ಬಾರದು. ತಿಳಿಸದ ಬದಲಾವಣೆಯನ್ನು ಸರ್ವೇಯರ್ ಕಂಡರೆ, ನಿಮ್ಮ ಕಾರಿನ ರಿಪೇರಿ ಹಣಕ್ಕೆ ತಕರಾರು ಏಳಬಹುದು. ಹಾಗೆಂದು, ದೀಪ ಮಂಕಾಗಿಸುವ ಫಿಲ್ಮನ್ನು ತಿಳಿಸಿದ ಮಾತ್ರಕ್ಕೆ ಅದು ಕಾನೂನುಬದ್ಧವಾಗದು. ಅದನ್ನು ಕಿತ್ತುಬಿಡುವುದೇ ಸರಿ.

ಪಾಲಿಸಿ ಅಪ್ಪನ ಹೆಸರಿನಲ್ಲಿದ್ದರೆ ಕಾಗದಕ್ಕೆ ಅವರದೇ ಸಹಿ ಬೇಕು. ನಿಮಗೆ ಕಷ್ಟವಾಗುವುದು ಅಲ್ಲೇ ಎಂದು ನನಗೆ ಗೊತ್ತು!