ಬಿಳಿ ಚುಕ್ಕೆ, ಕಂದು ಹಲ್ಲು

1835ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶವಚ್ಛೇದನ ಕೋಣೆಗೆ ಇಟಲಿಯ ಗೌಂಡಿಯೊಬ್ಬನ ಹೆಣ ಬಂತು. ಅವನ ಸ್ನಾಯುಗಳ ತುಂಬ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು. ಅಂಥ ಚುಕ್ಕೆ ಅಲ್ಲಿನವರಿಗೆ ಹೊಸದಲ್ಲ. ಚಾಕು ಮೊಂಡಾಗುತ್ತದೆಂಬುದಷ್ಟೇ ಅವರ ತಕರಾರು. ಮೊದಲ ವರ್ಷದ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಮಾತ್ರ ಇದೇನೆಂದು ನೋಡಹೊರಟ. ಕಂಡದ್ದು ಸುರುಳಿ ಸುತ್ತಿ ಮಲಗಿದ ಹುಳ. ಸರಿಯಾಗಿ ನೋಡಲು ಕೈಯಲ್ಲಿ ಸೂಕ್ಷ್ಮದರ್ಶಕವಿಲ್ಲ. ಬ್ರಿಟಿಷ್ ಮ್ಯೂಸಿಯಂವರೆಗೆ ಹೋಗಿ, ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಯಂತ್ರದಲ್ಲಿ ಕಣ್ಣಿಟ್ಟು ಬಂದ. ಆದರೆ ಹುಳಕ್ಕೆ ಹೆಸರಿಟ್ಟು ವಿದ್ವಾಂಸರ ಸಭೆಗೆ ಒಪ್ಪಿಸಿದ್ದು ರಿಚರ್ಡ್ ಓವೆನ್. ಕೀರ್ತಿಯೂ ಬಹುಕಾಲ ಅವರದೇ ಆಯಿತು. ಅರೆಬೆಂದ ಹಂದಿಮಾಂಸದಿಂದ ಬರುವ ಈ ಹುಳ ಮನುಷ್ಯರನ್ನು ಕೊಲ್ಲಬಲ್ಲದೆಂದು ಜರ್ಮನಿಯ ತ್ಸೆಂಕರ್ ತೋರಿಸಿದ್ದು 1860ರಲ್ಲಿ. ವಿದ್ಯಾರ್ಥಿ ನೋಡಿದ್ದ, ದೊಡ್ಡವರು ಹೆಸರಿಟ್ಟಿದ್ದರು. ಮುಂದಿನ ಪ್ರಶ್ನೆಗೆ ಉತ್ತರ ಸಿಗಲು ಕಾಲು ಶತಮಾನ ಹಿಡಿಯಿತು.

ವೈದ್ಯಕೀಯ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನೆಯ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಸಂಗ ನೆನಪಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಎಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಇಂಥ ಸಂಶೋಧನೆಗೆ ಶಿಷ್ಯವೇತನ ಕೊಡುತ್ತ ಬಂದಿದೆ. ಅವಧಿ ಎರಡು ತಿಂಗಳು. ಮೊತ್ತ ಈಚಿನ ವರ್ಷಗಳಲ್ಲಿ 50,000 ರೂಪಾಯಿ. ವರದಿ ಒಪ್ಪಿಗೆಯಾದರಷ್ಟೇ ದುಡ್ಡು, ಪ್ರಮಾಣಪತ್ರ. ವಿದ್ಯಾರ್ಥಿ ತನ್ನ ಕಾಲೇಜಿನ ಅಧ್ಯಾಪಕರೊಬ್ಬರನ್ನು ಗೈಡ್ ಆಗಿ ಒಪ್ಪಿಸಿಕೊಂಡೇ ಅರ್ಜಿ ಹಾಕಬೇಕು. ಚರ್ಚೆಯೆಲ್ಲ ಮೊತ್ತದ ಸುತ್ತಲೇ ನಡೆಯುತ್ತದೆ. ನಿಜವಾದ ಕೊರತೆ ಇರುವುದು ಗೈಡ್‌ಗಳದ್ದು. ದೇಶದ 579 ವೈದ್ಯಕೀಯ ಸಂಸ್ಥೆಗಳ 2005ರಿಂದ 2014ರವರೆಗಿನ ಲೆಕ್ಕ ತೆಗೆದ ಸಮೀರನ್ ನಂದಿ ಮತ್ತು ಸಂಗಡಿಗರು, 332 ಸಂಸ್ಥೆಗಳಿಂದ ಹತ್ತು ವರ್ಷಗಳಲ್ಲಿ ಒಂದೇ ಒಂದು ಪ್ರಬಂಧವೂ ಹೊರಬಂದಿಲ್ಲವೆಂದು ತೋರಿಸಿದರು. ತಾನೇ ಪ್ರಬಂಧ ಬರೆಯದ ಮೇಷ್ಟ್ರು ವಿದ್ಯಾರ್ಥಿಗೆ ಏನು ಕಲಿಸಿಯಾರು? ಪ್ರಶ್ನಾವಳಿ ಮುದ್ರಿಸಿ, ಹಾಸ್ಟೆಲ್ಲಿನಲ್ಲೇ ಇನ್ನೂರು ಜನರಿಂದ ತುಂಬಿಸಿ, 'ಅರಿವು, ಮನೋಭಾವ, ಆಚರಣೆ' ಎಂದು ತಲೆಬರಹ ಕೊಡುವುದನ್ನು! ಇಂಥವನ್ನು ಸಂಶೋಧನೆ ಎನ್ನಲು ನನಗಂತೂ ಮನಸ್ಸು ಬಾರದು.

ಒಳ್ಳೆಯ ಪ್ರಶ್ನೆಗೆ ದೂರ ಹೋಗಬೇಕಿಲ್ಲ. ವಿಜಯಪುರದಲ್ಲಿ 1984ರ ಅಲ್ ಅಮೀನ್ ಕಾಲೇಜು, 1986ರ ಬಿ.ಎಂ. ಪಾಟೀಲ ಕಾಲೇಜು ಇವೆ. ಅಲ್ಲಿಂದ ಹೆದ್ದಾರಿ ಹಿಡಿದರೆ ಬಸವನ ಬಾಗೇವಾಡಿಯ ಆಚೆ ನಿಡಗುಂದಿ. ಪಕ್ಕದಲ್ಲೇ 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟು. ಸುತ್ತಲೂ ಹಿನ್ನೀರಿಗೆ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳು. ವಿಜಯಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುವುದು ಹಳೆಯ ಸುದ್ದಿ. ಹಲ್ಲಿನ ಮೇಲೆ ಅದು ಬಿಡುವ ಗುರುತು ವಿಚಿತ್ರ: ಎನಾಮೆಲ್ ಕಟ್ಟಿಕೊಳ್ಳುವ ಎಳೆ ವಯಸ್ಸಿನಲ್ಲಿ ಕುಡಿದ ನೀರಷ್ಟೇ ಬಾಚಿಹಲ್ಲಿನಲ್ಲಿ ಕಂದು ಗೆರೆಯಾಗುತ್ತದೆ, ದೊಡ್ಡವರಾದ ಮೇಲೆ ಕುಡಿದದ್ದಲ್ಲ. ಹಾಗಾಗಿ ಏಳನೆಯ ತರಗತಿಯ ಹುಡುಗನ ಹಲ್ಲು ಹತ್ತು ವರ್ಷ ಹಿಂದಿನ ಕೊಡದ ನೀರಿನ ಲೆಕ್ಕ ಹೇಳುತ್ತದೆ. ಊರಿಗೆ ಹೊಳೆ ನೀರಿನ ನಲ್ಲಿ ಯಾವ ವರ್ಷ ಬಂತು, ಬೋರಿನ ನೀರು ಕುಡಿಯುವುದು ಯಾವ ವರ್ಷ ನಿಂತಿತು ಎಂದು ಮನೆಯ ಹಿರಿಯರನ್ನು ಕೇಳಿ, ನಲ್ಲಿ ಬೇಗ ಬಂದ ಊರು, ತಡವಾಗಿ ಬಂದ ಊರು ಎರಡರ ಶಾಲಾಮಕ್ಕಳ ಹಲ್ಲನ್ನು ಫ್ಲೋರೈಡ್ ಕಲೆ ಅಳೆಯುವ ಡೀನ್ ಸೂಚ್ಯಂಕದ ಆರು ದರ್ಜೆಗಳಲ್ಲಿ ಎಣಿಸಿದರೆ ಸಾಕು. ಯಂತ್ರ ಬೇಡ, ಶಾಲೆಯ ಪಡಸಾಲೆಯ ಬೆಳಕು, ಬಾಯಿ ಕನ್ನಡಿ, ಒಂದು ವಹಿ. ಗೈಡ್‌ನ ಬೆಲೆ ಗೊತ್ತಾಗುವುದೂ ಇಲ್ಲೇ. ಹಲ್ಲು ನೋಡುವವಳಿಗೆ ಮಗು ಯಾವ ಊರಿನದೆಂದು ತಿಳಿಯಕೂಡದು, ಹತ್ತರಲ್ಲಿ ಒಂದು ಮಗುವನ್ನು ಮರುದಿನ ಮತ್ತೆ ನೋಡಿ ತನ್ನ ಎಣಿಕೆ ತನಗೇ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಎರಡು ಹಟಗಳನ್ನು ಪುಸ್ತಕ ಕಲಿಸದು, ಮೇಷ್ಟ್ರೇ ಕಲಿಸಬೇಕು.

ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿ ಎದುರಿಗಿರುವಾಗ ಇದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನುವುದು ಮೊದಲ ಆಕ್ಷೇಪ. ಸಂಶೋಧನೆಗೆ ಆ ಪರೀಕ್ಷೆಯಲ್ಲಿ ಅಂಕವಿಲ್ಲ, ನಿಜ. ಎಲ್ಲರೂ ಮಾಡಲೆಂದು ಯಾರೂ ಹೇಳುತ್ತಿಲ್ಲ; ಮಾಡುವವರು ಸರಿಯಾಗಿ ಮಾಡಲೆಂಬುದಷ್ಟೇ ವಾದ. ಎರಡು ತಿಂಗಳಲ್ಲಿ ಏನು ಸಾಧ್ಯ ಎನ್ನುವವರಿಗೆ ಉತ್ತರ ಪ್ರಶ್ನೆಯ ಗಾತ್ರದಲ್ಲಿದೆ: ಕಾಯಿಲೆ ಗುಣಪಡಿಸಲು ಸಾಲದ ಅವಧಿ ಹಲ್ಲು ಎಣಿಸಲು ಸಾಕು. ಹೆಚ್ಚು ತೂಕದ ಆಕ್ಷೇಪ ಊರಿನವರದು. ಬರೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬ ಸಿಟ್ಟಿಗೆ ಕಾರಣವಿದೆ. 2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಜಾರಿಗೆ ತಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳಿಗೆ ಹೋಗಿಬರುತ್ತಾರೆ. ಆ ಮನೆಗಳಿಂದಲೇ ಪ್ರಶ್ನೆ ಎತ್ತಿದರೆ ಮರಳಿ ಬರುವ ದಾರಿ ತೆರೆದೇ ಇರುತ್ತದೆ. ವರದಿಯ ಒಂದು ಕನ್ನಡ ಪ್ರತಿ ಗ್ರಾಮ ಪಂಚಾಯಿತಿಗೆ ಕೊಡದೆ ಐಸಿಎಂಆರ್‌ಗೆ ಮಾತ್ರ ಕಳಿಸುವುದು ಅರ್ಧ ಕೆಲಸ. ಪ್ರಬಂಧ ಅಚ್ಚಾದರೆ ಯಾರ ಹೆಸರು ಮೊದಲೆಂಬುದನ್ನೂ ಮೊದಲ ದಿನವೇ ಮಾತಾಡಿಕೊಳ್ಳಬೇಕು. ಓವೆನ್‌ಗಳು ಎಲ್ಲ ಕಾಲದಲ್ಲೂ ಇರುತ್ತಾರೆ.

ಇನ್ನೊಂದು ತೊಡಕು ಪಂಚಾಂಗದ್ದು. ಇಂಥ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಪಶ್ಚಿಮದ ದೀರ್ಘ ರಜೆಯ ಲೆಕ್ಕ. ನಿಡಗುಂದಿಯ ಶಾಲೆಗಳು ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಮುಚ್ಚಿರುತ್ತವೆ. ಆ ಬಿಸಿಲಲ್ಲಿ ಮಕ್ಕಳು ಅಜ್ಜಿಯ ಊರಿನಲ್ಲಿ. ನೈತಿಕ ಸಮಿತಿಯ ಒಪ್ಪಿಗೆ, ಶಾಲೆಯ ಪರವಾನಗಿ, ಪಾಲಕರ ಸಹಿಯ ನಮೂನೆ ಇವನ್ನೆಲ್ಲ ಬೇಸಿಗೆಯಲ್ಲಿ ಮುಗಿಸಿಟ್ಟುಕೊಂಡು, ಶಾಲೆ ಬಾಗಿಲು ತೆರೆದ ಎರಡನೇ ವಾರ ಬಾಯಿ ಕನ್ನಡಿ ಹಿಡಿದು ಹೋಗುವುದು ಲೇಸು. ಮೊದಲ ವಾರ ಹಾಜರಾತಿಯೇ ತುಂಬಿರುವುದಿಲ್ಲ.